ಕೊಂಡಾಪುರದ ಪಾಂಡವರು

ಹಸಿ ಸಗಣಿಯ ಬಕೆಟ್ಟು ಹಿಡಿದು ಲಿಫ್ಟಿನಲ್ಲಿ ನಿಂತವರಿಗೆ ಒಂದು ಅನುಕೂಲವಿದೆ. ಯಾರೂ ಜೊತೆಗೆ ಹತ್ತುವುದಿಲ್ಲ. ಮೊನ್ನೆ ದೀಪಾವಳಿ ಅಮಾವಾಸ್ಯೆಯ ಸಂಜೆ ನಮ್ಮ ಕೊಂಡಾಪುರದ ಅಪಾರ್ಟ್‌ಮೆಂಟಿನಲ್ಲಿ ಹುಡುಗಿಯೊಬ್ಬಳು ಒಂದು ಕಾಲು ಲಿಫ್ಟಿನೊಳಗೆ ಇಟ್ಟಳು, ಮೂಗು ಅರಳಿಸಿದಳು, ಬಕೆಟ್ಟಿನ ಮೇಲೆ ಮುಚ್ಚಿದ್ದ ಬಾಳೆಎಲೆ ನೋಡಿದಳು, ‘ನೀವು ಹೋಗಿ ಆಂಟಿ’ ಎಂದು ತೆಲುಗಿನಲ್ಲಿ ಹೇಳಿ ಇಟ್ಟ ಕಾಲು ಹಿಂದಕ್ಕೆ ತೆಗೆದಳು. ನನಗೇನೂ ಬೇಸರವಾಗಲಿಲ್ಲ. ಮೇಲೆ ಹೋಗುವಷ್ಟು ಹೊತ್ತು ಆ ವಾಸನೆಯೂ ನಾನೂ ಇಬ್ಬರೇ ಇದ್ದೆವು. ನಿಮಗೆ ಅದು ಸಗಣಿಯ ವಾಸನೆ, ನನಗೆ ಅದು ನಮ್ಮ ಅಕ್ಕನ ವಾಸನೆ. ಈ ಮಾತು ಅಕ್ಕನ ಕಿವಿಗೆ ಬಿದ್ದರೆ ನನ್ನ ಗತಿ ನೆಟ್ಟಗಿರುವುದಿಲ್ಲ, ಆದ್ದರಿಂದ ನಮ್ಮಲ್ಲೇ ಇರಲಿ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನೆಗೆಣ್ಣಿ. ಗಂಡನ ಅಣ್ಣನ ಹೆಂಡತಿ. ಎದುರಿಗೆ ನಾನೆಂದೂ ‘ರಿ’ ಹಚ್ಚದೆ ಮಾತಾಡಿದವಳಲ್ಲ, ಬರೆಯಲು ಕೂತರೆ ಮಾತ್ರ ಏಕವಚನ ತಾನಾಗಿ ಬರುತ್ತದೆ. ನಾನು ಮದುವೆಯಾಗಿ ಹೈದರಾಬಾದಿಗೆ ಬಂದಾಗ ಅಣ್ಣತಮ್ಮಂದಿರಿಬ್ಬರೂ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದರು. ಭಾವನವರಿಗೆ ಅಬಿಡ್ಸ್‌ನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ, ನಮ್ಮವರಿಗೆ ಕೊಂಡಾಪುರದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಇಬ್ಬರೂ ಊಟದ ಡಬ್ಬಿ ಹಿಡಿದು ಹೊರಬಿದ್ದರೆಂದರೆ ಮನೆ ನಮ್ಮಿಬ್ಬರದು. ಅಂದರೆ ಅಕ್ಕನದು.

ಅಕ್ಕನಿಗೊಂದು ಅಭ್ಯಾಸವಿತ್ತು. ನಾನು ಮಾಡಿದ್ದನ್ನೆಲ್ಲ ಅವಳು ಇನ್ನೊಮ್ಮೆ ಮಾಡುತ್ತಿದ್ದಳು. ನಾನು ಬಡಿದ ರೊಟ್ಟಿ ಹಂಚಿಗೆ ಬೀಳುವ ಮೊದಲು ಅವಳ ಅಂಗೈಯಡಿ ಒಂದು ಸುತ್ತು ತಿರುಗಿ ಬರಬೇಕು. ನಾನು ಮಡಚಿಟ್ಟ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಚುವಳು. ನಾನು ಹಾಕಿದ ರಂಗೋಲಿಯ ಎಳೆಗಳನ್ನು ಸೆರಗಿನ ತುದಿಯಿಂದ ಒರೆಸಿ ತಿದ್ದುವಳು. ಬೈಯುತ್ತಿರಲಿಲ್ಲ, ಮುಖ ಗಂಟಿಕ್ಕುತ್ತಿರಲಿಲ್ಲ, ಸುಮ್ಮನೆ ಕೈ ಹಾಕುತ್ತಿದ್ದಳು. ನಮ್ಮ ಮನೆಯಲ್ಲಿ ಪ್ರತಿ ಕೆಲಸವೂ ಎರಡು ಸಲ ಆಗುತ್ತದೆಂದು ಭಾವನವರು ಬಂದವರ ಮುಂದೆ ಹೇಳಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ನಮ್ಮದೇ ಆದ ಒಂದು ಅಡುಗೆಮನೆ ಇರಬೇಕು, ಅದರಲ್ಲಿ ನಾನು ಬಡಿದ ಸೊಟ್ಟ ರೊಟ್ಟಿ ಸೊಟ್ಟಗೇ ಬೇಯಬೇಕು ಎಂದು ಎಷ್ಟೋ ಸಲ ಅನ್ನಿಸಿದೆ.

ಈ ಅಭ್ಯಾಸ ಹಬ್ಬದಲ್ಲಿ ಇನ್ನೂ ಜೋರು. ರಾಯಚೂರು ಜಿಲ್ಲೆಯ ನಮ್ಮೂರ ಕಡೆ ದೀಪಾವಳಿ ಪಾಡ್ಯದ ಬೆಳಿಗ್ಗೆ ಹೆಣ್ಣುಮಕ್ಕಳು ಹಸಿ ಸಗಣಿಯಿಂದ ಪಾಂಡವರನ್ನು ಮಾಡಿ ಹೊಸ್ತಿಲ ಎರಡೂ ಬದಿಗೆ ಕೂರಿಸುತ್ತಾರೆ. ಐವರು ಅಣ್ಣತಮ್ಮಂದಿರು, ಜೊತೆಗೆ ದ್ರೌಪದಿ. ಕೈಕಾಲು ಮೂಗು ಬಾಯಿ ಏನೂ ಇರುವುದಿಲ್ಲ. ಗೋಪುರದಂಥ ಉಂಡೆ, ತಲೆಯ ಮೇಲೆ ಚೆಂಡುಹೂ, ಮೈಗೆಲ್ಲ ಉತ್ತರಾಣಿ ಕಡ್ಡಿ, ತಂಗಡಿ ಹೂ, ಗರಿಕೆ, ಸಿಕ್ಕರೆ ಒಂದು ಹಸಿ ಜೋಳದ ತೆನೆ. ಮೇಲೆ ಕುಂಕುಮ, ಒಂದು ಹನಿ ಮಜ್ಜಿಗೆ. ಇಷ್ಟೇ ಅಲಂಕಾರ. ಪೇಟೆಯಿಂದ ತರುವ ವಸ್ತು ಒಂದೂ ಇಲ್ಲ, ಚೆಂಡುಹೂ ಕುಂಕುಮ ಬಿಟ್ಟರೆ.

ಅಕ್ಕ ಇಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ದ್ರೌಪದಿಯ ಪಕ್ಕ ಉಗುರಿನಷ್ಟು ಒಲೆ, ಬೀಸುವ ಕಲ್ಲು, ಒಂದು ಎಮ್ಮೆ ಮಾಡಿಡುವಳು. ವನವಾಸ ಮುಗಿಸಿ ಬಂದವರು ಹಸಿದಿರುತ್ತಾರೆ, ಒಲೆಯೇ ಇಲ್ಲದಿದ್ದರೆ ಆ ಹೆಣ್ಣುಮಗಳು ಏನು ಬೇಯಿಸಿ ಹಾಕಬೇಕು ಎಂಬುದು ಅವಳ ವಾದ. ಭೀಮನ ಹೊಟ್ಟೆಗೆ ಸಗಣಿಯಲ್ಲಿ ಹೆಚ್ಚಿನ ಪಾಲು. ನಕುಲ ಸಹದೇವರು ಸಣ್ಣ ಹುಡುಗರು, ಒಬ್ಬರಿಗೊಬ್ಬರು ತಾಗಿ ಕೂರಬೇಕು. ನನಗೆ ಅವಳು ವಹಿಸುತ್ತಿದ್ದದ್ದು ಎಮ್ಮೆಯನ್ನು. ಅದರ ಕೋಡನ್ನೂ ಅವಳೇ ತಿದ್ದುತ್ತಿದ್ದಳು.

ಹಿಂದಿನ ದಿನ ಮಧ್ಯಾಹ್ನ ನಾವಿಬ್ಬರೂ ಕೈಚೀಲ ಹಿಡಿದು ರೈಲುಹಳಿಯ ಪಕ್ಕದ ಖಾಲಿ ಜಾಗಕ್ಕೆ ಹೋಗುತ್ತಿದ್ದೆವು. ಅಲ್ಲಿ ಉತ್ತರಾಣಿ ದಂಡಿಯಾಗಿ ಬೆಳೆದಿರುತ್ತಿತ್ತು. ಅದರ ಬೀಜ ಸೀರೆಗೆ ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಮನೆಗೆ ಬಂದು ಬಾಗಿಲಲ್ಲಿ ಕೂತು ಒಬ್ಬರ ಸೀರೆಯಿಂದ ಇನ್ನೊಬ್ಬರು ಬಿಡಿಸುತ್ತ ಊರಿನವರನ್ನೆಲ್ಲ ಮಾತಿನಲ್ಲಿ ಜಾಲಾಡುತ್ತಿದ್ದೆವು. ತಂಗಡಿ ಹೂ ಕೀಳುತ್ತಿದ್ದರೆ ಪಕ್ಕದ ಮನೆಯ ತೆಲುಗು ಹೆಂಗಸರು ನಕ್ಕು, ನಮ್ಮ ಹೂವಿನ ಹಬ್ಬ ಬತುಕಮ್ಮ ಮುಗಿದು ಎಷ್ಟು ದಿನವಾಯಿತು, ಈಗೇಕೆ ಹೂ ಎಂದು ಕೇಳುವರು. ಅಕ್ಕ ತನ್ನ ಮುರುಕು ತೆಲುಗಿನಲ್ಲಿ ಪಾಂಡವರ ಕಥೆ ಹೇಳಲು ಹೋಗಿ ಅರ್ಧಕ್ಕೇ ಕನ್ನಡಕ್ಕೆ ಜಾರುವಳು. ಸಂಜೆ ಎಮ್ಮೆಗಳ ತಬೇಲಾದಿಂದ ಸಗಣಿ. ಹಬ್ಬ ಎಂದಾಗ ನನಗೆ ಹೋಳಿಗೆಗಿಂತ ಮೊದಲು ನೆನಪಾಗುವುದು ಆ ಬಾಗಿಲಲ್ಲಿ ಕೂತು ಬೀಜ ಬಿಡಿಸಿದ ಮಧ್ಯಾಹ್ನಗಳೇ. ಆಗ ಅದನ್ನು ಸುಖ ಎಂದು ಯಾರಾದರೂ ಕರೆದಿದ್ದರೆ ನಾನು ನಂಬುತ್ತಿರಲಿಲ್ಲ.

ಮಗಳು ಶಾಲೆಗೆ ಸೇರುವ ಹೊತ್ತಿಗೆ ನಾವು ಬೇರೆಯಾದೆವು. ಜಗಳವೇನೂ ಇಲ್ಲ. ಮನೆ ಸಾಲುತ್ತಿರಲಿಲ್ಲ, ನಮ್ಮವರಿಗೆ ಆಫೀಸು ಹತ್ತಿರವಾಗುತ್ತಿತ್ತು, ಶಾಲೆಯೂ ಅಲ್ಲೇ ಇತ್ತು. ಅಕ್ಕನಿಗೆ ಹೇಳಿದಾಗ ‘ಆತು’ ಎಂದಳು. ದೊಡ್ಡ ಹಂಚನ್ನು ತಾನೇ ತಿಕ್ಕಿ ತೊಳೆದು ನನ್ನ ಸಾಮಾನಿನಲ್ಲಿ ಇಟ್ಟಳು. ಬಯಸಿದ ಅಡುಗೆಮನೆ ಸಿಕ್ಕಿತು, ಸೊಟ್ಟ ರೊಟ್ಟಿಗಳು ಸೊಟ್ಟಗೇ ಬೆಂದವು. ಆದರೆ ಲಿಂಗಂಪಲ್ಲಿಗೆ ಹೋದರೆ ನನ್ನನ್ನು ಹೊರಗಿನ ಕೋಣೆಯ ಕುರ್ಚಿಯಲ್ಲಿ ಕೂರಿಸಿ, ನೀರಿನ ಲೋಟವನ್ನು ತಟ್ಟೆಯಲ್ಲಿಟ್ಟು ಕೊಡತೊಡಗಿದಳು. ಬೀಗರಿಗೆ ಕೊಟ್ಟ ಹಾಗೆ. ನಾನು ಪಾತ್ರೆ ತೊಳೆಯಲು ಎದ್ದರೆ ಬೇಡ ಎನ್ನುವಳು. ಒಂದು ಸಲ ಅವಳು ಒಳಗೆ ಹೋದಾಗ ಕದ್ದು ನಾಲ್ಕು ಲೋಟ ತೊಳೆದಿಟ್ಟೆ. ಅವಳು ನೋಡಿದಳು. ಅವನ್ನು ಮತ್ತೆ ತೊಳೆಯಲಿಲ್ಲ. ನನಗೆ ಅಂದೇ ಹೆದರಿಕೆಯಾಯಿತು.

ಆ ವರ್ಷ ದೀಪಾವಳಿಗೆ ಮುಂಚೆ ಫೋನು ಮಾಡಿ, ಹಬ್ಬಕ್ಕೆ ನಾವೆಲ್ಲ ಅಲ್ಲಿಗೇ ಬರುತ್ತೇವೆ ಎಂದೆ.

‘ಊಟಕ್ಕ ಬರ್ರಿ,’ ಎಂದಳು ಅಕ್ಕ. ‘ಆದ್ರ ಒಲಿ ಬ್ಯಾರೆ ಆದಮ್ಯಾಲ ಪಾಂಡವ್ರೂ ಬ್ಯಾರೆ, ತಂಗಿ. ನಿಮ್ಮನ್ಯಾಗ ನೀನ ಮಾಡಬೇಕು.’

ಅದು ಸಂಪ್ರದಾಯವೇ, ಅವಳು ಹುಟ್ಟಿಸಿ ಹೇಳಿದ್ದಲ್ಲ. ಆದರೆ ಹೇಳಿದ ರೀತಿ ನನಗೆ ನಾಟಿತು. ಹಾಗಾದರೆ ನಾನೇ ಮಾಡುತ್ತೇನೆ ಎಂಬ ಹಟ ಬಂತು. ತಬೇಲಾದ ಸಗಣಿ ತರಿಸಿಕೊಡಿ ಎಂದು ಕೇಳಲು ಬಾಯಿ ಬರಲಿಲ್ಲ. ಕೊಂಡಾಪುರದಲ್ಲಿ ಎಮ್ಮೆಯೂ ಇಲ್ಲ, ಆಕಳೂ ಇಲ್ಲ. ಪೂಜಾ ಸಾಮಾನಿನ ಅಂಗಡಿಯಲ್ಲಿ ಹೋಮಕ್ಕೆಂದು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟ ಒಣ ಕುಳ್ಳು ಕಂಡವು. ನೆನೆಹಾಕಿದರೆ ಸಗಣಿಯಾಗುತ್ತದೆ ಎಂದುಕೊಂಡೆ. ಹಳ್ಳಿಯಲ್ಲಿ ಹುಟ್ಟಿದವಳು, ಕುಳ್ಳು ತಟ್ಟಿದವಳು, ನನಗೆ ಇಷ್ಟೂ ಬುದ್ಧಿ ಬೇಡವೇ? ರಾತ್ರಿಯಿಡೀ ನೆನೆದ ಕುಳ್ಳು ಬೆಳಿಗ್ಗೆ ಕಂದು ಬಣ್ಣದ ನೀರು, ತಳದಲ್ಲಿ ಹುಲ್ಲಿನ ತುಂಡು. ಮುಷ್ಟಿ ಕಟ್ಟಿದರೆ ಬೆರಳ ಸಂದಿಯಿಂದ ಸೋರಿಹೋಗುತ್ತಿತ್ತು.

ಬಿಡುವವಳಲ್ಲ ನಾನು. ಗೋಧಿಹಿಟ್ಟು ಸುರಿದು ಕಲಸಿದೆ. ಅಂಟಂತೂ ಬಂತು. ಧರ್ಮರಾಜನನ್ನು ಕಟ್ಟಿ ಭೀಮನಿಗೆ ಕೈ ಹಾಕುವಷ್ಟರಲ್ಲಿ ಧರ್ಮರಾಜ ನಿಧಾನವಾಗಿ ಕೂತುಕೊಂಡ. ನಮ್ಮವರು ಹಲ್ಲುಕಡ್ಡಿ ತಂದುಕೊಟ್ಟರು, ಒಳಗೆ ಚುಚ್ಚಿ ನಿಲ್ಲಿಸಿದೆ. ಅರ್ಜುನ ಪಕ್ಕಕ್ಕೆ ವಾಲಿದ, ಭೀಮ ಅಂಗಾತ ಮಲಗಿಯೇಬಿಟ್ಟ. ಮಗಳು ಎಲ್ಲರಿಗೂ ಜ್ವರ ಬಂದಿದೆಯಾ ಎಂದು ಕೇಳಿದಳು. ಅಪಾರ್ಟ್‌ಮೆಂಟಿನ ಹೊಸ್ತಿಲು ಇರುವುದು ಒಂದೇ, ಅದೂ ಬೆರಳಿನಷ್ಟು ಎತ್ತರದ ಗ್ರಾನೈಟ್ ಪಟ್ಟಿ. ನೆಲಕ್ಕೆ ಕಲೆಯಾದೀತೆಂದು ಬಾಳೆಎಲೆ ಹಾಸಿ ಈ ರೋಗಿಷ್ಠ ಪಾಂಡವರನ್ನು ಅದರ ಮೇಲೆ ಕೂರಿಸಿ, ಕುಂಕುಮ ಹಚ್ಚಿ ಕೈಮುಗಿದೆ. ನಾನು ಬೇಡವೆನ್ನುವ ಮೊದಲೇ ನಮ್ಮವರು ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದ್ದರು.

ಹೋಳಿಗೆಗೆ ಹೂರಣ ಅರೆಯುತ್ತಿದ್ದಾಗ ಬಾಗಿಲು ಸದ್ದಾಯಿತು. ಅಕ್ಕ. ಆಟೋದಲ್ಲಿ ಒಬ್ಬಳೇ ಬಂದಿದ್ದಳು. ಕೈಯಲ್ಲಿ ಚೀಲ. ಚೀಲದಲ್ಲಿ ಏನಿದೆ ಎಂದು ನನ್ನ ಮೂಗಿಗೆ ತಿಳಿಯಿತು, ನಿಜ ಹೇಳುತ್ತೇನೆ, ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ಇನ್ನು ಕೂತು ಎಲ್ಲವನ್ನೂ ಕೆಡವುತ್ತಾಳೆ, ಹೊಸದಾಗಿ ಮಾಡುತ್ತಾಳೆ, ನನಗೆ ಎಮ್ಮೆ ಕೊಡುತ್ತಾಳೆ.

ಅಕ್ಕ ಹೊಸ್ತಿಲ ಹೊರಗೇ ನಿಂತು ಬಹಳ ಹೊತ್ತು ನೋಡಿದಳು. ಬಗ್ಗಿ, ಮಲಗಿದ್ದ ಭೀಮನ ಮೇಲೆ ಒಂದು ಚೆಂಡುಹೂ ಇಟ್ಟು ನಮಸ್ಕರಿಸಿದಳು.

‘ಸರಿ ಮಾಡ್ರಿ ಅಕ್ಕಾರ,’ ಎಂದೆ.

‘ಪೂಜಿ ಆಗೇತಲ್ಲ. ನಿಮ್ಮನಿ ಪಾಂಡವ್ರಿಗೆ ನಾ ಕೈ ಹಚ್ಚಬಾರದು.’

ತಂದ ಸಗಣಿಯನ್ನು ನನ್ನ ಬಾಲ್ಕನಿಯ ತುಳಸಿ ಕುಂಡಕ್ಕೆ ಗೊಬ್ಬರ ಮಾಡಿ ಹಾಕಿದಳು. ಹೋಳಿಗೆ ಚೆನ್ನಾಗಿದೆ ಎಂದು ಹೊಗಳಿದಳು. ಅದು ಒಂದು ಬದಿಗೆ ಸೀದಿತ್ತು, ಅವಳಿಗೂ ಗೊತ್ತು ನನಗೂ ಗೊತ್ತು. ಸಂಜೆ ಆಟೋ ಹತ್ತಿ ಹೋದಳು. ಮಗಳು ಮಲಗಿದ ಮೇಲೆ ನಾನು ಅತ್ತೆ. ಇಷ್ಟು ವರ್ಷ ಯಾವುದು ತಪ್ಪಿದರೆ ಸಾಕು ಎಂದುಕೊಂಡಿದ್ದೆನೋ ಅದು ತಪ್ಪಿತ್ತು, ಅದಕ್ಕೇ ಅತ್ತೆ.

ಆಮೇಲಿನ ವರ್ಷಗಳಲ್ಲಿ ನಮ್ಮ ನಡುವೆ ಒಂದು ಕೆಟ್ಟ ಮಾತು ಬಂದಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ಅನ್ನಿಸುವಷ್ಟು ಒಳ್ಳೆಯವರಾಗಿದ್ದೆವು. ಹಬ್ಬಕ್ಕೆ ಅವರು ಬಂದರೆ ನಾನು ಕುರ್ಚಿ ಹಾಕುವುದು, ನಾವು ಹೋದರೆ ಅವಳು ಹಾಕುವುದು. ನಮ್ಮವರು ಪ್ರತಿ ವರ್ಷ ತಬೇಲಾಕ್ಕೆ ಹೋಗಿ ಹಸಿ ಸಗಣಿ ತಂದು ಕೆಳಗೆ ಲಿಫ್ಟಿನ ಹತ್ತಿರ ನನ್ನ ಕೈಗೆ ಕೊಡುವುದನ್ನು ರೂಢಿ ಮಾಡಿಕೊಂಡರು. ನನ್ನ ಪಾಂಡವರು ನೆಟ್ಟಗೆ ನಿಲ್ಲುವುದನ್ನು ಕಲಿತರು, ಚೆಂದ ಮಾತ್ರ ಬರಲಿಲ್ಲ. ಹಬ್ಬ ಮುಗಿದ ಮೇಲೆ ಅವರು ಒಣಗಿ ನಮ್ಮ ಕುಂಡಗಳಿಗೆ ಹೋಗುತ್ತಾರೆ. ಹೀಗೆ ನಡೆದಿತ್ತು.

ಈ ಸಲ ದಸರೆಯ ಮುಂಚೆ ಅಕ್ಕ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರು. ನೋಡಲು ಹೋದಾಗ ಭಾವನವರು ಈ ವರ್ಷ ಪಾಂಡವರು ಬೇಡ, ದೀಪ ಹಚ್ಚಿದರೆ ಸಾಕು ಎಂದು ತೀರ್ಮಾನ ಮಾಡಿದ್ದರು. ಅಕ್ಕ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಮೊನ್ನೆ ನಾನು ಬಕೆಟ್ಟನ್ನು ಬಾಲ್ಕನಿಯಲ್ಲಿಟ್ಟು ಕೈ ತೊಳೆಯುತ್ತಿದ್ದಾಗ ಅವಳ ಫೋನು ಬಂತು.

‘ತಂಗಿ, ನಾಳೆ ಮುಂಜಾನೆ ಬಾ. ನಮ್ಮ ಪಾಂಡವ್ರನ್ನ ನೀ ಮಾಡಬೇಕು.’

ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ಬಾಯಿಗೆ ಬಂತು. ಒಲಿ ಬ್ಯಾರೆ ಐತಲ್ರಿ ಅಕ್ಕಾರ, ನಾ ಕೈ ಹಚ್ಚಬಹುದೇನು ಎಂದೆ.

‘ಕೈ ಮುರದೈತಿ ನಂದು. ನಿನ್ನ ಬಿಟ್ಟು ಇನ್ಯಾರನ್ನ ಕರೀಲಿ?’ ಎಂದಳು ಅಕ್ಕ.

ನಮ್ಮ ಮನೆಯ ಪಾಂಡವರನ್ನು ನಸುಕಿನಲ್ಲೇ ಅವಸರವಸರವಾಗಿ ಮುಗಿಸಿ ಉಳಿದ ಸಗಣಿಯೊಂದಿಗೆ ಲಿಂಗಂಪಲ್ಲಿಗೆ ಹೋದೆ. ಅಕ್ಕ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು, ಕೈ ಕೊರಳ ಪಟ್ಟಿಯಲ್ಲಿ ತೂಗುತ್ತಿತ್ತು. ಧರ್ಮರಾಜನನ್ನು ಮಾಡಿಟ್ಟೆ. ಮಾತಿಲ್ಲ. ಅರ್ಜುನನನ್ನು ಇಟ್ಟೆ. ಮಾತಿಲ್ಲ. ಇವಳು ಇದನ್ನೂ ಚೆನ್ನಾಗಿದೆ ಎಂದುಬಿಟ್ಟರೆ ಏನು ಮಾಡುವುದು ಎಂದು ನನಗೆ ದಿಗಿಲಾಯಿತು. ಭೀಮನನ್ನು ಇಟ್ಟೆ.

‘ಹೊಟ್ಟಿ ಎಲ್ಲೈತಿ ಅವಗ?’ ಎಂದಳು ಅಕ್ಕ. ‘ಉಪಾಸ ಕುಂತಾನೇನು?’

ಭಾವನವರು ಒಳಗಿನಿಂದ ಬೇಡ ಬೇಡ ಎನ್ನುತ್ತಿದ್ದಂತೆ ಕುರ್ಚಿಯಿಂದ ಇಳಿದು ನನ್ನ ಪಕ್ಕ ನೆಲಕ್ಕೆ ಕೂತಳು. ಎಡಗೈಯಲ್ಲಿ ಸಗಣಿ ಬಾಚಿ ಭೀಮನ ಹೊಟ್ಟೆಗೆ ಬಡಿದಳು. ಅರ್ಜುನನ ಕತ್ತು ಹಿಡಿದು ತಿರುಗಿಸಿದಳು. ಧರ್ಮರಾಜನನ್ನು ಪೂರ್ತಿ ಮುದ್ದೆ ಮಾಡಿ ನನ್ನ ಮುಂದೆ ಹಾಕಿ, ಮತ್ತೆ ಕಟ್ಟು ಎಂದಳು. ಕಟ್ಟಿದೆ. ಅದನ್ನೂ ತಿದ್ದಿದಳು. ರೂಢಿಯಿಲ್ಲದ ಎಡಗೈ, ಎಲ್ಲವೂ ನಾನು ಮಾಡಿದ್ದಕ್ಕಿಂತ ಸೊಟ್ಟಗಾಗುತ್ತಿದ್ದವು. ನಾನು ಹೇಳಲಿಲ್ಲ. ಕಣ್ಣು ತುಂಬಿ ಮುಂದೇನೂ ಕಾಣದಾಯಿತು, ಕೈಯಿಡೀ ಸಗಣಿ, ಒರೆಸಿಕೊಳ್ಳುವಂತೆಯೂ ಇರಲಿಲ್ಲ.

‘ಅಳಾಕ ಏನಾತು ಈಗ? ಉತ್ತರಾಣಿ ಕಡ್ಡಿ ಕೊಡು,’ ಎಂದಳು ಅಕ್ಕ.

ಕೊಟ್ಟೆ. ನಾನು ಕೊಟ್ಟ ಕಡ್ಡಿಯನ್ನು ಬದಿಗಿಟ್ಟು, ತಾನೇ ಇನ್ನೊಂದು ಆರಿಸಿಕೊಂಡಳು.