ಏನೂ ತೊಂದರೆ ಇಲ್ಲ ಎಂದು ಬರೆದ ಪುಸ್ತಕ

ನಮ್ಮತ್ತೆ ಮಲ್ಲಿಗಮ್ಮನಂಥ ಸುಳ್ಳುಗಾರ್ತಿಯನ್ನು ಹಳೇಕೋಟೆಯಲ್ಲಿ ನಾನು ಬೇರೆ ಕಂಡಿಲ್ಲ. ಬೀಗರ ಮನೆಯ ಸಾರಿಗೆ ಉಪ್ಪೇ ಇಲ್ಲದಿದ್ದರೂ "ರುಚಿಯಾಗೈತೆ, ಇನ್ನೊಂದ್ ಸೌಟು ಬುಡವ್ವ" ಎನ್ನುತ್ತಿದ್ದರು. ಹಸು ಒದ್ದು ಮುಂಗೈ ಮುರಿದಾಗ, ನೋಡಲು ಬಂದವರಿಗೆ ಇನ್ನೊಂದು ಕೈಯಲ್ಲೇ ಕಾಫಿ ಕಾಯಿಸಿ ಕೊಟ್ಟರು. ವಿಚಾರಿಸಿದವರ ಮನಸ್ಸಿಗೆ ನೋವಾಗಬಾರದು, ಅಷ್ಟೇ. ಅಡುಗೆ ಬಾರದ ನನ್ನನ್ನೂ ಊರೆಲ್ಲ ಹೊಗಳಿಕೊಂಡು ಬಂದವರು ಅವರು. ಆ ಸುಳ್ಳು ನನಗೂ ಹಿತವಾಗಿತ್ತು.

ಅತ್ತೆಯ ಎದೆಯ ಗಂಟು ತೆಗೆಸಿ ಎರಡು ವರ್ಷಕ್ಕೆ ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು: ಸಂಶೋಧನೆಯಲ್ಲಿರುವ ಹೊಸ ಮಾತ್ರೆಯೊಂದಿದೆ, ಗುಣವಾಗುತ್ತದೆಂದು ಮಾತು ಕೊಡಲಾರೆ, ಒಪ್ಪಿದರೆ ಕೊಡುತ್ತೇವೆ. ಅತ್ತೆ ಒಪ್ಪಿ ಸಹಿ ಹಾಕಿದರು. ಅಲ್ಲಿನ ನರ್ಸ್ ಹಂಸ ನನ್ನ ಕೈಗೊಂದು ಪುಸ್ತಕ ಕೊಟ್ಟಳು. ದಿನಕ್ಕೊಂದು ಪುಟ, ನೋವು, ಜ್ವರ, ವಾಂತಿ, ಏದುಸಿರು ಇದೆಯೋ ಇಲ್ಲವೋ ಬರೆಯಬೇಕು.

"ಏದುಸಿರು ಸ್ವಲ್ಪ ಬಂದ್ರೂ ಅವತ್ತೇ ಫೋನ್ ಮಾಡಿ ಅಕ್ಕ. ಈ ಮಾತ್ರೆ ಕೆಲವರ ಶ್ವಾಸಕೋಶಕ್ಕೆ ತೊಂದರೆ ಮಾಡುತ್ತೆ. ಬೇಗ ಗೊತ್ತಾದ್ರೆ ನಿಲ್ಲಿಸಿ ಸರಿಮಾಡಬಹುದು. ತಡವಾದ್ರೆ ಕಷ್ಟ" ಎಂದಳು.

ಸೋಮವಾರ ಸೋಮವಾರ ಹಂಸಳ ಫೋನು ಬರುತ್ತಿತ್ತು. ಅವಳು ಬಾಯಿ ತೆರೆಯುವುದೇ ತಡ, ಅತ್ತೆ ಶುರು ಮಾಡುತ್ತಿದ್ದರು: "ಚೆಂದಾಗಿವ್ನಿ ಕಣವ್ವ. ನೀನು ಉಂಡ್ಯಾ? ಅಲ್ಲಿ ಮಳೆ ಬತ್ತಾ?" ಪಾಪ, ಆ ಹುಡುಗಿ ಒಂದೊಂದನ್ನೇ ಕೇಳುತ್ತಿದ್ದಳು. ಎಲ್ಲಕ್ಕೂ ಇಲ್ಲ, ಇಲ್ಲ.

ಒಂದು ಸಂಜೆ ನಾನು ಪುಸ್ತಕ ಹಿಡಿದು ಕೇಳಿಯೇಬಿಟ್ಟೆ. "ಅತ್ತೆ, ಮಾತಾಡುವಾಗ ಮೇಲುಸಿರು ಬತ್ತಾ ಐತಲ್ಲ, ಬರೀಲಾ?"

"ಬ್ಯಾಡ ಕಣೆ. ಅಷ್ಟು ಆಸೆಯಿಂದ ಮಾತ್ರೆ ಕೊಟ್ಟವ್ರೆ. ಮೈಗೆ ಇಡೀಲಿಲ್ಲ ಅಂತ ಯಾವ ಬಾಯಲ್ಲಿ ಯೋಳ್ಲಿ? ಫೋನ್ ಮಾಡೋ ಆ ಹೆಣ್ಮಗ ನೊಂದ್ಕತದೆ."

ನಾನು 'ಇಲ್ಲ' ಎಂದು ಬರೆದೆ. ಅತ್ತೆಯ ಮಾತಿಗೆ ಕಟ್ಟುಬಿದ್ದೆ ಎಂದರೆ ಅದೂ ಸುಳ್ಳೇ. ಮಾತ್ರೆ ನಿಲ್ಲಿಸಿಬಿಟ್ಟರೆ ಮುಂದೇನು ಎಂಬ ಹೆದರಿಕೆ ನನಗಿತ್ತು.

ನಲವತ್ತೊಂದನೆಯ ದಿನ ಬೆಳಗ್ಗೆ ಬಚ್ಚಲೊಲೆಯ ಮುಂದೆ ಕೂತ ಅತ್ತೆ ಮೇಲೇಳಲಿಲ್ಲ. ತುಟಿ ಕಪ್ಪಿಟ್ಟಿತ್ತು. ನನ್ನ ಗಂಡ ಶಶಿಕುಮಾರ್ ಕಾರು ಮಾಡಿಕೊಂಡು ಹಾಸನದ ಆಸ್ಪತ್ರೆಗೆ ಕರೆದೊಯ್ದರು. ಬೆಂಗಳೂರಿನ ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನೆಲ್ಲ ಅಲ್ಲಿಯವರು ಮಾಡಿದರು. ಆಕ್ಸಿಜನ್ ಹಾಕಿದ್ದ ಅತ್ತೆಯ ಕಿವಿಗೆ ನಾನು ಫೋನು ಹಿಡಿದೆ. ಹಂಸ "ಮಲ್ಲಿಗಮ್ಮ, ಹೇಗಿದ್ದೀರಾ?" ಎಂದಳು. "ಚೆಂದಾಗಿ..." ಎಂದವರಿಗೆ ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ. ಮೂರನೆಯ ದಿನ ಹೋಗಿಬಿಟ್ಟರು.

ತಿಥಿ ಕಳೆದ ಮೇಲೆ ಹಂಸ ಫೋನು ಮಾಡಿ ತುಂಬ ಹೊತ್ತು ಅತ್ತೆಯ ಮಾತೇ ಆಡಿದಳು. ಕೊನೆಗೆ, ಸಂಕೋಚದಿಂದ, ಪುಸ್ತಕ ಕಳಿಸಿಕೊಡಬೇಕು ಎಂದಳು.

"ಅದ್ರಲ್ಲಿರೋದೆಲ್ಲ ಸುಳ್ಳು ಕಣಮ್ಮ" ಎಂದೆ.

ಹಂಸ ಮೆಲ್ಲಗೆ, "ಏನನ್ನೂ ಹೊಡೆದುಹಾಕ್ಬೇಡಿ ಅಕ್ಕ. ನೀವು ಕಂಡಿದ್ದನ್ನ ಬೇರೆ ಹಾಳೆಯಲ್ಲಿ ತಾರೀಖು ಹಾಕಿ ಬರೀರಿ. ಇದೇ ಮಾತ್ರೆ ಇನ್ನೂ ಎಷ್ಟೋ ಜನ ನುಂಗ್ತಾ ಇದಾರೆ" ಎಂದಳು.

ಎರಡು ಮೂರು ಸಾಲು ನೆನಪಾದೀತು ಎಂದುಕೊಂಡು ಜಗಲಿಯಲ್ಲಿ ಕೂತೆ. ಮಾತ್ರೆ ಶುರುವಾದ ಹದಿನಾಲ್ಕನೆಯ ದಿನ, ಅತ್ತೆ ನಲ್ಲಿಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಅರ್ಧ ಬಿಂದಿಗೆಯನ್ನು ಎರಡು ಸಲ ಕೆಳಗಿಟ್ಟರು. ಹತ್ತೊಂಬತ್ತನೆಯ ದಿನ, ಮುದ್ದೆ ತಿರುವುತ್ತಾ ನಿಲ್ಲಿಸಿ ಗೋಡೆಗೆ ಒರಗಿದರು. ಇಪ್ಪತ್ತಮೂರರಿಂದ ಕೂತೇ ಮಲಗಿದರು. ಹಾಳೆ ತುಂಬಿತು. ಇನ್ನೊಂದು ತಂದೆ, ಅದೂ ತುಂಬಿತು.

ಒಂದು ದಿನವನ್ನೂ ನಾನು ಮರೆತಿರಲಿಲ್ಲ. ಎಲ್ಲವನ್ನೂ ಕಣ್ಣಾರೆ ನೋಡಿಕೊಂಡೇ 'ಇಲ್ಲ' ಎಂದು ಬರೆದಿದ್ದೆ.

ನೋಡಿದವರು ಕೆಳಗೆ ಹೆಸರು ಬರೆಯಬೇಕೆಂದು ಹಂಸ ಹೇಳಿದ್ದಳು. ಆಶಾರಾಣಿ, ಸೊಸೆ ಎಂದು ಬರೆದೆ.