ಉಲ್ಫತ್ ಸಾಕಿದ ಹತ್ತಿಗಿಡ

ಅಂದಿಜಾನ್ ಪೇಟೆಯಿಂದ ಬಂದ ವ್ಯಾನು ಹತ್ತಿ ಸಂಶೋಧನಾ ಕೇಂದ್ರದ ಗೇಟಿನೆದುರು ನಿಂತಿತು. ಅಲ್ಲಿ ಕೆಲಸ ಮಾಡುವ ಉಲ್ಫತ್ ಇಳಿಯುತ್ತಲೇ ಹೊಲದ ಕಡೆ ನೋಡಿದಳು. ಬೆಳಿಗ್ಗೆ ಹೊರಡುವಾಗ ಬೆಳ್ಳಗೆ ಅರಳಿ ನಿಂತಿದ್ದ ಅವಳ ಪಾಲಿನ ಹೊಲ ಈಗ ಬೋಳುಬೋಳಾಗಿತ್ತು. ಬದುವಿನ ಹಿಪ್ಪುನೇರಳೆ ಮರದಡಿ ಒಲೆ ಹೊಗೆಯಾಡುತ್ತಿತ್ತು, ಹೆಂಗಸರ ನಗು ಕೇಳುತ್ತಿತ್ತು.

"ಬಂದ್ರು ನೋಡ್ರೇ, ಬೀಗಿತ್ತಿ ಬಂದ್ರು!" ಎನ್ನುತ್ತ ಎದ್ದು ಬಂದವಳು ತುರ್ಸುನೊಯ್. ಬರುವ ತಿಂಗಳು ಉಲ್ಫತಳ ಮಗಳು ನಿಗಿನಾಳನ್ನು ತನ್ನ ಕೊನೆಯ ಮಗನಿಗೆ ತಂದುಕೊಳ್ಳುವವಳು. ಅವಳ ಹಿಂದೆ ಇಬ್ಬರು ಸೊಸೆಯರು, ಅವರ ಹಿಂದೆ ಮುಖದ ತುಂಬ ಹೆಮ್ಮೆ ತುಂಬಿಕೊಂಡ ನಿಗಿನಾ.

"ನಿಮ್ಮ ಸೊಂಟ ನೋವು ಅಂತ ನಿಗಿನಾ ಹೇಳಿದ್ಲು. ಕೇಳಿ ಸುಮ್ನಿರೋಕಾಗುತ್ತಾ? ಬೆಳಿಗ್ಗೇನೇ ಬಂದ್ವಿ. ಒಂದು ತೊಳೆ ಬಿಟ್ಟಿಲ್ಲ ನೋಡ್ರಿ. ಅಲ್ಲಾ, ಆ ಮೂಲೆ ಗಿಡಕ್ಕೆ ಬಟ್ಟೆ ಚೀಲ ಯಾಕೆ ತೊಡಿಸಿದ್ರಿ? ಹತ್ತಿಗೂ ಚಳಿಯಾಗುತ್ತಾ?" ಎಂದು ನಗುತ್ತ ತುರ್ಸುನೊಯ್ ಒಂದು ಪುಟ್ಟ ಕಟ್ಟನ್ನು ಕೈಗಿಟ್ಟಳು. ಗಿಡದ ಕಾಯಿಗಳಿಗೆ ಕಟ್ಟಿದ್ದ ಚೀಲಗಳನ್ನೆಲ್ಲ ಬಿಚ್ಚಿ, ಧೂಳು ಕೊಡವಿ, ಒಗೆದ ಬಟ್ಟೆಯ ಹಾಗೆ ಒಪ್ಪವಾಗಿ ಮಡಿಸಿದ್ದರು.

ಉಲ್ಫತ್ ಆ ಕಟ್ಟು ಬಿಡಿಸಿ ಚೀಲಗಳನ್ನು ಒಂದೊಂದಾಗಿ ತಿರುವಿ ನೋಡಿದಳು, ಎಲ್ಲ ಖಾಲಿ.

ಈ ಸೀಮೆಯಲ್ಲಿ ಬೀಗರ ಹೊಲಕ್ಕೆ ಮುಯ್ಯಾಳಾಗಿ ಬಂದು ದುಡಿಯುವುದೆಂದರೆ ಸಣ್ಣ ಮಾತೇನಲ್ಲ. ಊರೆಲ್ಲ ಹೊಗಳುತ್ತದೆ, ಹುಡುಗಿಯ ಕಡೆಯವರು ತಲೆಯೆತ್ತಿ ಓಡಾಡುತ್ತಾರೆ. ಅಂಥ ಉಪಕಾರ ಮಾಡಿದವರನ್ನು ಬಯ್ಯುವುದು ಹೇಗೆ ಸ್ವಾಮಿ? ಬಯ್ಯದೆ ಇರುವುದಾದರೂ ಹೇಗೆ?

ಏಕೆಂದರೆ ಆ ಮೂಲೆ ಗಿಡ ಎಲ್ಲ ಗಿಡಗಳಂತಲ್ಲ. ಹತ್ತಿಕಾಳಿನಲ್ಲಿ ಕಹಿ ವಿಷವಿದೆ. ಹಸು ಹೇಗೋ ಅರಗಿಸಿಕೊಳ್ಳುತ್ತದೆ, ಮನುಷ್ಯನ ಕೈಲಾಗದು. ಇಲ್ಲಿನವರು ಹತ್ತಿಕಾಳಿನ ಎಣ್ಣೆಯನ್ನು ಹೊಗೆಯೇಳುವ ತನಕ ಕಾಯಿಸದೆ ಪಲಾವ್ ಮಾಡುವುದಿಲ್ಲ. ಆ ವಿಷವನ್ನು ಗಿಡದಿಂದಲೇ ತೆಗೆದುಬಿಟ್ಟರೆ ಹುಳುಗಳು ಎಲೆ ಬಿಡುವುದಿಲ್ಲ. ಎಲೆಯಲ್ಲಿರಬೇಕು, ಕಾಳಿನಲ್ಲಿರಬಾರದು. ಆಸ್ಟ್ರೇಲಿಯಾದ ಒಂದು ಕಾಡುಹತ್ತಿಗೆ ಆ ಗುಣವಿದೆ. ಅದನ್ನು ಊರ ಹತ್ತಿಗೆ ಕೂಡಿಸಲು ಕೇಂದ್ರದವರು ವರ್ಷಗಟ್ಟಲೆ ಹೆಣಗಿದ್ದರು. ಎಳೆಯ ಭ್ರೂಣವನ್ನು ಕಾಯಿಯಿಂದ ಬಿಡಿಸಿ ಗಾಜಿನ ಕೊಳವೆಯಲ್ಲಿಟ್ಟು ಸಾಕಿದರು. ಹಾಗೆ ಹುಟ್ಟಿದ ಗಿಡಗಳೆಲ್ಲ ಹೂ ಬಿಟ್ಟವು, ಹೂ ಉದುರಿಸಿದವು, ಬಂಜೆಯಾಗಿಯೇ ಒಣಗಿದವು.

ಕಾಯಿ ಹಿಡಿದದ್ದು ಈ ಒಂದೇ ಗಿಡ. ಸಂಜೆ ಮೊಗ್ಗು ಬಿಡಿಸಿ ಕೇಸರ ಕೀಳುವುದು, ಬೆಳಿಗ್ಗೆ ಊರ ಹತ್ತಿಯ ಪರಾಗ ಸವರಿ ಚೀಲ ಕಟ್ಟುವುದು, ಬೇಸಿಗೆಯಿಡೀ ಉಲ್ಫತಳಿಗೆ ಇದೇ ಕೆಲಸ. ಗಂಡ ತೀರಿಕೊಂಡ ಮೇಲೆ ಅವಳು ಇಷ್ಟು ಮುತುವರ್ಜಿಯಿಂದ ಸಾಕಿದ್ದು ಎರಡನ್ನೇ, ಮಗಳನ್ನು ಮತ್ತು ಈ ಗಿಡವನ್ನು. ಫಲ ಕೈಗೆ ಬರುವ ತನಕ ಗಿಡದ ಗುಟ್ಟನ್ನು ಮಗಳಿಗೂ ಹೇಳಿರಲಿಲ್ಲ. ಕಾಡುಹತ್ತಿಯ ವಂಶವಾಹಿ ಗಿಡದೊಳಗೆ ಬಂದಿದೆ ಎಂದು ಪೇಟೆಯ ಪ್ರಯೋಗಾಲಯದವರು ಅವತ್ತು ಬೆಳಿಗ್ಗೆಯಷ್ಟೇ ಎಲೆ ಪರೀಕ್ಷಿಸಿ ಹೇಳಿದ್ದರು. ಕಾಳಿನ ಕಹಿ ಹೋಗಿದೆಯೋ ಇಲ್ಲವೋ ಎಂದು ಕಾಳೇ ಹೇಳಬೇಕು. ಅದನ್ನು ಒಯ್ಯಲು ತಾಷ್ಕೆಂಟಿನಿಂದ ವಿಜ್ಞಾನಿ ಇಖ್ತಿಯೋರ್ ನಾಳೆ ಬರುವವರಿದ್ದರು.

"ಬಿಡಿಸಿದ ಹತ್ತಿ ಎಲ್ಲಿ?" ಎಂದಳು ಉಲ್ಫತ್.

"ಅದು ಆಗ್ಲೇ ಟ್ರ್ಯಾಕ್ಟರಲ್ಲಿ ಮಂಡಿಗೆ ಹೋಯ್ತು. ಆ ಚಿಂತೆನೂ ನಿಮಗೆ ಬೇಡ. ಬನ್ನಿ, ಪಲಾವ್ ಆರುತ್ತೆ."

ಮಂಡಿಯಲ್ಲಿ ಹತ್ತಿಯನ್ನು ಮನೆಯೆತ್ತರ ಒಟ್ಟುತ್ತಾರೆ. ಅದರೊಳಗೆ ಬಿದ್ದ ಒಂದು ಗಿಡದ ಹತ್ತಿಯನ್ನು ದೇವರೂ ಹುಡುಕಲಾರ. ತುರ್ಸುನೊಯ್ ಕೈಹಿಡಿದು ಎಳೆದು ಕೂರಿಸಿದಳು, ತನ್ನ ಕೈಯಾರೆ ಮಾಂಸದ ತುಂಡು ಆರಿಸಿ ಮುಂದಿಟ್ಟಳು. ಉಲ್ಫತ್ ಒಂದು ತುತ್ತು ಬಾಯಿಗಿಟ್ಟಳು. ನುಂಗಲಾಗಲಿಲ್ಲ, ಉಗುಳುವಂತೆಯೂ ಇರಲಿಲ್ಲ.

"ಯಾಕ್ರೀ, ಉಪ್ಪು ಜಾಸ್ತಿಯಾಯ್ತಾ?"

ಅಷ್ಟೇ. ತಡೆದುಕೊಂಡದ್ದೆಲ್ಲ ಒಡೆದು ಬಂತು.

"ನಿಮಗೆ ಯಾರ್ರೀ ಹೇಳಿದ್ರು ನನ್ನ ಹೊಲಕ್ಕೆ ಕೈ ಹಾಕಿ ಅಂತ? ಆ ಚೀಲ ಯಾಕೆ ಬಿಚ್ಚಿದ್ರಿ? ಅಯ್ಯೋ, ನನ್ನ ಜೀವಾನೇ ಅದರೊಳಗಿತ್ತು!"

ನಿಗಿನಾಳ ಮುಖ ಸುಣ್ಣದಂತಾಯಿತು. "ಅಮ್ಮಾ, ಸುಮ್ನಿರಮ್ಮಾ!"

ತುರ್ಸುನೊಯ್ ಚಮಚ ಕೆಳಗಿಟ್ಟಳು. "ಏನಂದ್ರಿ? ಬೆಳಿಗ್ಗೆಯಿಂದ ಬೆನ್ನು ಬಗ್ಗಿಸಿ ದುಡಿದಿದ್ದಕ್ಕೆ ಈ ಮರ್ಯಾದೆನಾ? ಒಂದು ಹತ್ತಿಗಿಡದ ಮುಂದೆ ಬೀಗರು ಕಡಿಮೆಯಾಗ್ಬಿಟ್ವಾ? ಏಳ್ರೇ, ಹೋಗೋಣ."

"ಹೋಗಿ. ಆದ್ರೆ ಏನು ಕಳೆದ್ರಿ ಅಂತ ಕೇಳ್ಕೊಂಡು ಹೋಗಿ," ಎಂದು ಉಲ್ಫತ್ ಎಲ್ಲವನ್ನೂ ಹೇಳಿದಳು. ಅಳುತ್ತಲೇ ಹೇಳಿದಳು. ತಲೆವಸ್ತ್ರದ ತುದಿಗೆ ಮೂಗೊರೆಸಿಕೊಂಡು ಮತ್ತೆ ಹೇಳಿದಳು. ಮದುವೆ ನಿಂತರೆ ಮಗಳು ತನ್ನ ಮುಖ ನೋಡಲಿಕ್ಕಿಲ್ಲ ಎಂಬ ಭಯ ಒಂದು ಕಡೆ, ಇನ್ನು ಹೆದರಿ ಉಳಿಸಿಕೊಳ್ಳುವುದೇನಿದೆ ಎಂಬ ಸಿಟ್ಟು ಇನ್ನೊಂದು ಕಡೆ.

ಕಿರಿಯ ಸೊಸೆ ಅಳುಕುತ್ತ ಬಾಯಿ ಬಿಟ್ಟಳು. "ಅತ್ತೆ, ಚೀಲದೊಳಗಿದ್ದ ಹತ್ತಿ ಮಂಡಿಗೆ ಹೋಗ್ಲಿಲ್ಲವಲ್ಲ. ಧೂಳಿಲ್ಲ, ಕಸವಿಲ್ಲ, ಹಾಲಿನ ಹಾಗಿದೆ, ಮದುಮಗಳ ದಿಂಬಿಗಾಗುತ್ತೆ ಅಂತ ನೀವೇ ಬೇರೆ ತೆಗೆಸಿದ್ರಿ. ಮಾವ ಕಾರಲ್ಲಿ ಮನೆಗೆ ತಗೊಂಡು ಹೋದ್ರು."

"ಅಯ್ಯೋ ನನ್ನ ಮರೆವಿಗಿಷ್ಟು!" ತುರ್ಸುನೊಯ್ ಹಣೆ ಚಚ್ಚಿಕೊಂಡಳು. ಮರುಕ್ಷಣ ಅವಳ ದನಿ ಕುಗ್ಗಿತು. "ಅರಳೆ ಬಿಡಿಸಿಡಿ ಅಂತ ನಮ್ಮತ್ತೆಗೆ ಹೇಳಿ ಕಳಿಸಿದ್ದೆ. ಬಿಡಿಸಿದ ಕಾಳೆಲ್ಲ ನಮ್ಮನೇಲಿ ಹಸುವಿನ ಬಾನಿಗೆ ಹೋಗುತ್ತೆ."

ಉಲ್ಫತ್ ಆಗಲೇ ರಸ್ತೆಯ ಕಡೆ ಓಡುತ್ತಿದ್ದಳು.

"ನಿಂತ್ಕೊಳ್ರೀ! ಮದುವೆಗೆ ಮುಂಚೆ ಹೆಣ್ಣಿನ ತಾಯಿ ಕರೆಯದೆ ಬರಿಗೈಲಿ ಬಂದ್ರೆ ಸಂಬಂಧ ಮುರಿಯೋಕೆ ಬಂದ್ಲು ಅಂತಾರೆ. ಇಡೀ ಕೇರಿ ಕಣ್ಣು ಬಿಟ್ಕೊಂಡು ಕೂತಿರುತ್ತೆ!" ತುರ್ಸುನೊಯ್ ಏದುಸಿರು ಬಿಡುತ್ತ ಹಿಂದೆಯೇ ಓಡಿಬಂದಳು. ಉಲ್ಫತ್ ನಿಲ್ಲಲಿಲ್ಲ. ತುರ್ಸುನೊಯ್ ಅವಳ ತೋಳು ಹಿಡಿದು, ತಾನೇ ಮನೆಯಿಂದ ತಂದಿದ್ದ ಎರಡು ರೊಟ್ಟಿಗಳನ್ನು ಅವಳ ಕಂಕುಳಿಗೆ ತುರುಕಿದಳು. "ಇದನ್ನ ಎಲ್ಲರಿಗೂ ಕಾಣೋ ಹಾಗೆ ಹಿಡ್ಕೊಳ್ಳಿ. ನಡೀರಿ, ನಾನೂ ಬರ್ತೀನಿ."

ರಸ್ತೆಯಲ್ಲಿ ಸಿಕ್ಕ ಕಾರು ಹತ್ತಿದರು. ಕೇರಿಯ ಬಾಗಿಲುಗಳಲ್ಲಿ ಹೆಂಗಸರು ಕುತ್ತಿಗೆ ಚಾಚಿದರು. ಉಲ್ಫತ್ ಎರಡು ರೊಟ್ಟಿಗಳನ್ನು ಎದೆಗೆ ಅವಚಿಕೊಂಡೇ ಅಂಗಳ ದಾಟಿ ನೇರ ಕೊಟ್ಟಿಗೆಗೆ ನುಗ್ಗಿದಳು.

ಬಾನಿ ಖಾಲಿಯಿತ್ತು. ಹಸು ಅದರ ತಳವನ್ನು ನೆಕ್ಕುತ್ತಿತ್ತು.

ಉಲ್ಫತ್ ನೆಲದ ಹುಲ್ಲು ಕೆದಕಿ ಕಾಳು ಹುಡುಕತೊಡಗಿದಳು. ತುರ್ಸುನೊಯ್‌ಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. "ಅತ್ತೇ! ಅತ್ತೇ, ಎಲ್ಲಿದ್ದೀರಾ?" ಎಂದು ಮನೆ ಕಿತ್ತುಹೋಗುವಂತೆ ಕೂಗಿದಳು.

"ಯಾಕೆ ಹಾಗೆ ಅರಚ್ತೀಯಾ, ನನಗೇನು ಕಿವುಡಾ?" ದ್ರಾಕ್ಷಿ ಚಪ್ಪರದ ಕೆಳಗೆ, ಮಂಚದ ಮೇಲೆ, ಬೆಳ್ಳನೆ ಅರಳೆಯನ್ನು ಮುಂದೆ ಹರಡಿಕೊಂಡು ಮುದುಕಿ ಕೂತಿದ್ದಳು. ಹೆಸರು ಹೊಜರ್. ಮಹಾಯುದ್ಧದ ಕಾಲದಲ್ಲಿ ಪುಟ್ಟ ಹುಡುಗಿಯಾಗಿದ್ದವಳು. ಬಾಯಿತುಂಬ ಚಿನ್ನದ ಹಲ್ಲು. ದವಡೆ ಏನನ್ನೋ ಮೆಲ್ಲುತ್ತಿತ್ತು.

"ಇದೆಂಥ ಹತ್ತಿನೇ ಕಳಿಸಿದ್ದು? ಬರೀ ಜೊಳ್ಳು. ಇಷ್ಟು ಅರಳೆಗೆ ಒಂದು ಹಿಡಿ ಕಾಳೂ ಸಿಗಲಿಲ್ಲ."

"ಸಿಕ್ಕಿದ್ದನ್ನ ಹಸುಗೆ ಹಾಕಿದ್ರಾ ಅತ್ತೆ?"

"ಅಷ್ಟಕ್ಕೆ ಹಸು ಹತ್ರ ಯಾರು ಏಳ್ತಾರೆ? ಬಾಯಿಗೆ ಹಾಕ್ಕೊಂಡೆ."

"ಅತ್ತೇ!"

"ಏನು ಅತ್ತೆ? ಯುದ್ಧದಲ್ಲಿ ಹಿಟ್ಟಿಲ್ಲದಾಗ ನಮ್ಮಮ್ಮ ಇದನ್ನೇ ಕುಟ್ಟಿ ಕೊಡ್ತಿದ್ಲು. ಥೂ, ಏನು ಕಹಿ! ತಿಂದು ಹೊಟ್ಟೆ ಹಿಡ್ಕೊಂಡು ಹೊರಳಾಡ್ತಿದ್ವಿ. ನನ್ನ ತಮ್ಮ ಅದನ್ನ ತಿಂದೇ ಹೋಗ್ಬಿಟ್ಟ. ಅವತ್ತಿಂದ ಹತ್ತಿಕಾಳು ಕೈಗೆ ಬಂದಾಗೆಲ್ಲ ಒಂದು ಕಚ್ಚಿ ನೋಡಿ ಉಗುಳ್ತೀನಿ, ಅದೊಂದು ಚಾಳಿ. ಇವತ್ತೂ ಕಚ್ಚಿದೆ. ಕಹಿನೇ ಇರ್ಲಿಲ್ಲ ಕಣೇ! ನನ್ನ ನಾಲಿಗೆ ಸತ್ತುಹೋಯ್ತೇನೋ ಅಂತ ಇನ್ನೊಂದು ಕಚ್ಚಿದೆ. ಅದೂ ಇಲ್ಲ. ಹಂಗೇ ತಿನ್ತಾ ಹೋದೆ."

ಉಲ್ಫತ್ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಿದ್ದಳು. ಕೇಳಿದ್ದಕ್ಕೆ ಕಿರುಚಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. "ಎಲ್ಲಾ ತಿಂದ್ಬಿಟ್ರಾ ಅಜ್ಜಿ?"

"ನೀನ್ಯಾರು? ಓ, ನಮ್ಮ ಹುಡುಗಿಯ ತಾಯಿ ಅಲ್ವಾ? ಬಾ, ಸರಿಯಾದ ಹೊತ್ತಿಗೇ ಬಂದೆ. ಎರಡು ಉಳಿಸಿದ್ದೀನಿ. ಮನೆ ತುಂಬೋ ಹುಡುಗಿ ಒಂದು ರುಚಿ ನೋಡ್ಲಿ, ಅವಳ ಗಂಡ ಒಂದು ನೋಡ್ಲಿ ಅಂತ." ಮುದುಕಿ ಸುಕ್ಕುಗಟ್ಟಿದ ಅಂಗೈ ಬಿಚ್ಚಿದಳು. ಎರಡು ಕಾಳುಗಳಿದ್ದವು, ಇನ್ನೂ ನವಿರು ಅಂಟಿಕೊಂಡೇ ಇತ್ತು.

ಉಲ್ಫತ್ ಮಂಚದ ಬಳಿ ಮೊಣಕಾಲೂರಿ, ಆ ಎರಡನ್ನೂ ಎತ್ತಿ ಬಿಗಿಯಾಗಿ ಮುಷ್ಟಿ ಕಟ್ಟಿದಳು. ತುರ್ಸುನೊಯ್ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಅಜ್ಜಿ," ಎಂದಳು ಉಲ್ಫತ್, "ನಿಜವಾಗ್ಲೂ ಕಹಿ ಇರ್ಲಿಲ್ವಾ?"

"ಬಾದಾಮಿ ಹಾಗಿತ್ತು ಕಣಮ್ಮ. ಆಗ ನಮ್ಮಮ್ಮನ ಕೈಗೆ ಇದು ಸಿಕ್ಕಿದ್ರೆ ನನ್ನ ತಮ್ಮ ಇರ್ತಿದ್ದ."

"ಇನ್ನೊಂದ್ಸಲ ಹೇಳಿ ಅಜ್ಜಿ."

ಮುದುಕಿ ಇನ್ನೊಂದು ಸಲ ಹೇಳಿದಳು.