ಮೂಕಮ್ಮನ ಸಾಲು

ಕುರುಗೋಡಿನ ಮೂಕಮ್ಮ ಮದುವೆಯಾಗಿ ಬಂದಂದಿನಿಂದ ಸಿರುಗುಪ್ಪದ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿದವಳು. ಆಕೆಯ ಬಗ್ಗೆ ಬರೆಯುವಾಗ ಕನಿಕರದ ಮಾತು ಬಳಸಲಾರೆ. ಅದನ್ನು ಆಕೆ ಯಾರಿಂದಲೂ ಸಹಿಸಿದವಳಲ್ಲ.

ನಾಟಿಯ ಹೆಂಗಸರು ಒಂದೇ ಗೆರೆಯಲ್ಲಿ ನಿಂತು, ಬಾಗಿ, ಸಸಿ ಊರುತ್ತ ಹಿಂದಕ್ಕೆ ಸರಿಯುತ್ತಾರೆ. ಒಬ್ಬಳು ತಡಮಾಡಿದರೆ ಅಕ್ಕಪಕ್ಕದವರು ಆಕೆಯನ್ನು ಬಿಟ್ಟು ಹಿಂದೆ ಹೋಗುತ್ತಾರೆ. ಎರಡೂ ಬದಿಗೆ ಊರಿದ ಸಸಿ, ನಡುವೆ ಬರಿಯ ಕೆಸರು, ಅದರಲ್ಲಿ ಅವಳೊಬ್ಬಳೇ. ಗದ್ದೆಗೆ ಗದ್ದೆಯೇ ನಗುತ್ತದೆ. ಹೊಸ ಸೊಸೆಯಂದಿರನ್ನು ಹೀಗೆ ಸಿಕ್ಕಿಸುವುದರಲ್ಲಿ ಮೂಕಮ್ಮನದು ಎತ್ತಿದ ಕೈ.

"ನಿನ್ನ ಗಂಡನ್ನ ಕರಸ್ಲೇನಲೇ, ಎತ್ಕಂಡು ಹೋಗಾಕ?" ಎನ್ನುವಳು. ಅತ್ತವರೇ ಮರುವರ್ಷ ಆಕೆಯ ಪಕ್ಕದ ಸಾಲು ಬೇಡುತ್ತಿದ್ದರು.

ಎರಡನೆಯ ಅಲೆಯಲ್ಲಿ ಆಕೆಗೆ ಕೊರೋನಾ ಬಂತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದು, ಗುಣವಾಯಿತೆಂದು ಕಳಿಸಿದ ಮೇಲೆ ಮನೆಗೆ ಬಂದಳು. ದಣಿವು ಮಾತ್ರ ಮೈಬಿಟ್ಟು ಹೋಗಲಿಲ್ಲ. ಒಂದು ಹೊತ್ತು ದುಡಿದರೆ ಮರುದಿನ ಹಾಸಿಗೆಯಿಂದ ತಲೆ ಎತ್ತಲಾಗದು. ಬಾಗಿ ಎದ್ದರೆ ಎದೆ ದಬದಬ ಹೊಡೆದುಕೊಳ್ಳುವುದು. ಒಲೆಯ ಮೇಲೆ ಇಟ್ಟದ್ದನ್ನು ಮರೆಯುವಳು. ತಳ ಹತ್ತಿದ ವಾಸನೆ ಮೂಗಿಗೆ ತಿಳಿಯದೆ, ಹೊಗೆ ಕಣ್ಣಿಗೆ ಕಂಡಾಗ ಏಳುವಳು. ವರ್ಷಗಳು ಕಳೆದರೂ ಇದೇ ಸ್ಥಿತಿ. ಮತ್ತೆ ತೋರಿಸಲು ಹೋದಾಗ ವೈದ್ಯರೊಬ್ಬರು ಎಕ್ಸ್‌ರೇ, ಇಸಿಜಿ ನೋಡಿ, "ಎಲ್ಲಾ ನಾರ್ಮಲ್ ಐತಮ್ಮ, ಟಾನಿಕ್ ಕುಡಿ" ಎಂದರು. ಕುಡತಿನಿಗೆ ಗುತ್ತಿಗೆ ಕೂಲಿಯಾಗಿ ಹೋಗುವ ಗಂಡ ಓಬಣ್ಣ ಆ ಮಾತನ್ನೇ ಹಿಡಿದುಕೊಂಡ.

"ಮಷೀನಿಗೆ ಕಾಣದ ಜಡ್ಡು ನಿನಗೊಬ್ಬಾಕಿಗೇ ಹೆಂಗ ಕಾಣತೈತಿ?"

"ಮಷೀನು ನೆಲ್ಲು ಹಚ್ಚಾಕ ಬಂದಿತ್ತೇನು?"

ಈ ಸಲ ಕಾಲುವೆಗೆ ನೀರು ಬಿಟ್ಟಾಗ ನಾಟಿ ತಂಡದ ಮೇಸ್ತ್ರಿ ಹುಲುಗಮ್ಮ ಆಕೆಯ ಮನೆಗೆ ಬಂದಳು. ಕಳೆದ ಹಂಗಾಮುಗಳಲ್ಲಿ ಮೂಕಮ್ಮನ ಅರ್ಧ ಸಾಲನ್ನು ತಾನೇ ಸದ್ದಿಲ್ಲದೆ ಊರಿದವಳು ಅವಳು.

"ಯಕ್ಕಾ, ಈ ಸಲ ಬದುವಿನ ಮ್ಯಾಲ ಕುಂದ್ರು. ಕೂಲಿ ಪಾಲು ಎಲ್ಲಾರಷ್ಟೇ ಕೊಡ್ತೀವಿ."

"ಕುಂದ್ರಿಸಿ ಉಣ್ಣಾಕ ಇಡಾಕ ನಾನೇನು ನಿಮ್ಮತ್ತೀನಾ? ಸಾಲು ಕೊಟ್ರ ಬರ್ತೀನಿ."

ಹುಲುಗಮ್ಮ ಸಾಲು ಕೊಟ್ಟಳು. ಬಲಕ್ಕೆ ತಾನು, ಎಡಕ್ಕೆ ತನ್ನ ಸೊಸೆ ಅನುಷಾ, ನಡುವೆ ಮೂಕಮ್ಮ. ಗದ್ದೆಯ ಮೊದಲ ಮಡಿ ಹೇಗೋ ಮುಗಿಯಿತು. ಎರಡನೆಯದರ ಅರ್ಧದಲ್ಲಿ ಆಕೆಯ ಬೆರಳುಗಳಿಗೆ ಸಸಿ ಬಿಡಿಸಲಾಗಲಿಲ್ಲ. ಎದೆ ದಬದಬ ಹೊಡೆದುಕೊಂಡಿತು. ತನ್ನನ್ನು ಬಿಟ್ಟು ಹೋಗುವರೆಂದು ಕಾದಳು. ನಗೆಗೂ ಬೈಗುಳಕ್ಕೂ ಉತ್ತರ ಸಿದ್ಧವಿತ್ತು. ಯಾರೂ ಕದಲಲಿಲ್ಲ. ಎಲ್ಲರೂ ಸೊಂಟ ನೆಟ್ಟಗೆ ಮಾಡಿ ಸುಮ್ಮನೆ ನಿಂತುಬಿಟ್ಟರು.

"ಯಾಕ ನಿಂತ್ರಿ? ಸಿಕ್ಕಿಸ್ರಲೇ ನನ್ನ!" ಎಂದು ಒದರಿದಳು. "ಏ ಅನುಷಾ, ನೀ ಬಂದ ವರ್ಷ ನಿನ್ನ ಅಳಿಸೀನಿ. ತೀರಿಸ್ಕೋ ಬಾ."

"ಬ್ಯಾಡ ಬಿಡ್ರಿ ಅತ್ತಿ," ಎಂದಳು ಅನುಷಾ, ತಲೆ ತಗ್ಗಿಸಿ. "ನೀವು ನಿಧಾನ ಹಚ್ಚರಿ. ನಾವು ನಿಂದರ್ತೀವಿ."

ಎಕರೆಯ ಲೆಕ್ಕದ ಕೆಲಸವದು. ಒಬ್ಬಳಿಗಾಗಿ ನಿಂತರೆ ಎಲ್ಲರ ದಿನವೂ ಹಾಳು. ಮೂಕಮ್ಮನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕೈಯಲ್ಲಿದ್ದ ಸಸಿಯನ್ನು ಅನುಷಾಳಿಗೆ ಕೊಟ್ಟು, ನಿಂತು ನಿಂತು ಬದುವಿನತ್ತ ನಡೆದಳು. ಹುಲುಗಮ್ಮನೂ ಸೊಸೆಯೂ ಒಳಕ್ಕೆ ಸರಿದು ಆ ಜಾಗವನ್ನು ಹಂಚಿಕೊಂಡರು. ಆಕೆಯ ಎದೆಬಡಿತ ತಗ್ಗುವಷ್ಟರಲ್ಲಿ ಅವರು ಬಹಳ ದೂರ ಹೋಗಿದ್ದರು. ಯಾರೋ ಏನೋ ಅಂದರು, ಎಲ್ಲರೂ ನಕ್ಕರು.

ಕೆಲವು ದಿನಗಳ ನಂತರ ಹುಲುಗಮ್ಮ ಬಂದು, ಆ ಸಾಲಿಗೆ ಬೇರೊಬ್ಬಳನ್ನು ಸೇರಿಸಿಕೊಳ್ಳಲೇ ಎಂದು ಕೇಳಿದಳು. ಮೂಕಮ್ಮ ಗೋಡೆಗೊರಗಿ ಕುಳಿತಿದ್ದಳು.

"ತಗೋ," ಎಂದಳು. "ಆದರ ಆಕಿ ತಡಾ ಮಾಡಿದ್ರ ನಿಂತು ಕಾಯಬ್ಯಾಡ್ರಿ."